ಗ್ರೌಟ್‌ವಿಲ್ಲಿನ ಮುಖಂಡ ಆಲ್ಬರ್ಟ್ ಲುಥುಲಿ



ಸಂತೆಯಲ್ಲಿ ಕಿತ್ತಳೆ ಹಣ್ಣು ಕೊಳ್ಳುವಾಗ ನೀವು ಏನೇನು ವಿಚಾರಿಸುತ್ತೀರಿ? ಸಿಹಿಯೋ ಹುಳಿಯೋ ಎಂದು ಕೇಳುತ್ತೀರಿ, ಡಜನಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತೀರಿ, ಅಡಿಯಲ್ಲಿ ಕೊಳೆತದ್ದು ಇದೆಯೇ ಎಂದು ತಿರುಗಿಸಿ ನೋಡುತ್ತೀರಿ. ಅದು ಯಾರ ತೋಟದ್ದು, ಕಿತ್ತವನಿಗೆ ಎಷ್ಟು ಕೂಲಿ ಸಿಕ್ಕಿತು, ಅವನ ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ಕೇಳುವವರು ನಮ್ಮಲ್ಲಿ ಅಪರೂಪ. 1960ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಅನೇಕ ಗೃಹಿಣಿಯರು ಅದನ್ನು ಕೇಳಿದರು. ದಕ್ಷಿಣ ಆಫ್ರಿಕಾದಿಂದ ಬಂದ ಹಣ್ಣು, ಡಬ್ಬಿಯಲ್ಲಿಟ್ಟ ಹಣ್ಣು, ದ್ರಾಕ್ಷಾರಸ ಇವುಗಳನ್ನು ಅಂಗಡಿಯ ಕಪಾಟಿನಲ್ಲೇ ಬಿಟ್ಟು ಬರಿಗೈಯಲ್ಲಿ ಹಿಂದಿರುಗಿದರು. ಆ ವರ್ಷ ವಿಭೂತಿ ಬುಧವಾರ ಮಾರ್ಚ್ 2ರಂದು ಬಂದಿತ್ತು. ಹೀಗಾಗಿ ಆ ತಿಂಗಳೆಲ್ಲ ತಪಸ್ಸು ಕಾಲ. ಆ ತಾಯಂದಿರಲ್ಲಿ ಎಷ್ಟು ಮಂದಿ ಇವೆರಡನ್ನೂ ಜೋಡಿಸಿಕೊಂಡರೋ ನಾನರಿಯೆ. ಆದರೆ ಅವರಿಂದ ಈ ಉಪವಾಸವನ್ನು ಬೇಡಿಕೊಂಡ ಮನುಷ್ಯನಿಗೆ ಉಪವಾಸದ ಅರ್ಥ ಚೆನ್ನಾಗಿ ಗೊತ್ತಿತ್ತು. ಅವರು ಸಾವಿರಾರು ಮೈಲಿ ದೂರದಲ್ಲಿ, ಕಬ್ಬಿನ ಗದ್ದೆಗಳ ನಡುವಿನ ಒಂದು ಹಳ್ಳಿಯಲ್ಲಿದ್ದರು. ಸರಕಾರದ ಅಪ್ಪಣೆಯಿಲ್ಲದೆ ಆ ಸೀಮೆಯನ್ನು ದಾಟುವಂತಿರಲಿಲ್ಲ. ಅವರೇ ಆಲ್ಬರ್ಟ್ ಲುಥುಲಿ.

ಅವರು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ. ಅಮೆರಿಕದ ಪ್ರೊಟೆಸ್ಟೆಂಟ್ ಮಿಷನರಿಗಳು ನೆಟ್ಟ ಸಭೆಯೊಂದರ ಸದಸ್ಯರು, ಪ್ರವಚನ ಮಾಡುತ್ತಿದ್ದ ಗೃಹಸ್ಥರು. ಆದರೂ ಈ ಪುಟದಲ್ಲಿ ಅವರಿಗೆ ಜಾಗ ಕೊಡಲು ನಾನು ಹಿಂಜರಿಯುವುದಿಲ್ಲ. ಓದಿ ನೋಡಿ, ನೀವೂ ಒಪ್ಪುತ್ತೀರಿ.

1898ರ ಸುಮಾರಿಗೆ, ಈಗಿನ ಜಿಂಬಾಬ್ವೆಯ ಬುಲವಾಯೊ ಪಟ್ಟಣದ ಹತ್ತಿರದ ಒಂದು ಮಿಷನ್ ಕೇಂದ್ರದಲ್ಲಿ ಅವರು ಹುಟ್ಟಿದರು. ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಜುಲು ಭಾಷೆಯಲ್ಲಿ ಅವರಿಗಿಟ್ಟ ಹೆಸರು ಮ್ವುಂಬಿ, ಅಂದರೆ ಎಡೆಬಿಡದೆ ಸುರಿಯುವ ಮಳೆ. ಮಿಷನರಿಗಳಿಗೆ ನೆರವಾಗಿದ್ದ ತಂದೆ ಮಗು ಎಳೆಯದಿರುವಾಗಲೇ ತೀರಿಕೊಂಡರು. ತಾಯಿ ಮ್ತೋನ್ಯ ಕೆಲವು ವರ್ಷಗಳ ನಂತರ ಮಗನನ್ನು ಗಂಡನ ಊರಾದ ಗ್ರೌಟ್‌ವಿಲ್ಲಿಗೆ ಕಳುಹಿಸಿ ತಾವೂ ಬಂದು ಸೇರಿದರು. ಅದು ದಕ್ಷಿಣ ಆಫ್ರಿಕಾದ ನೇಟಾಲ್ ಪ್ರಾಂತ್ಯದಲ್ಲಿ, ಉಮ್ವೋಟಿ ನದಿಯ ಬಳಿ ಇರುವ ಹಳ್ಳಿ. ಹುಡುಗನನ್ನು ಓದಿಸುವ ಹಟ ತಾಯಿಗೆ. ಪಕ್ಕದ ಸ್ಟ್ಯಾಂಗರ್ ಪಟ್ಟಣದ ಬಿಳಿಯರ ಮನೆಗಳ ಬಟ್ಟೆ ಒಗೆದರು, ತರಕಾರಿ ಬೆಳೆದು ಮಾರಿದರು. ಹೀಗೆ ಮಗ ಶಾಲೆ ಕಂಡ, ಉಪಾಧ್ಯಾಯನಾದ. ಮೇಲಿನ ಓದಿಗೆ ವಿದ್ಯಾರ್ಥಿವೇತನ ಬಂದಾಗ ಲುಥುಲಿ ಅದನ್ನು ಬೇಡವೆಂದರು. ತಾಯಿಗೆ ವಯಸ್ಸಾಗಿತ್ತು, ಇನ್ನು ಬಟ್ಟೆ ಒಗೆಯುವುದು ಸಾಕೆಂದು ಮಗನ ಲೆಕ್ಕ. ನಾಲ್ಕಾರು ಬಾರಿ ತಮ್ಮದನ್ನು ಬಿಟ್ಟುಕೊಟ್ಟ ಬಾಳು ಅದು. ಇದು ಮೊದಲನೆಯದು.

ಆಡಮ್ಸ್ ಕಾಲೇಜಿನಲ್ಲಿ ಹದಿನೈದು ವರ್ಷ ಪಾಠ ಹೇಳಿದರು. ಅಲ್ಲಿಯೇ ಶಿಕ್ಷಕಿಯಾಗಿದ್ದ ನೊಕುಖಾನ್ಯ ಭೆಂಗು ಎಂಬವರನ್ನು 1927ರಲ್ಲಿ ವರಿಸಿದರು. ಈ ತಾಯಿಯ ಹೆಸರನ್ನು ದಯವಿಟ್ಟು ನೆನಪಿಡಿ. ಗಂಡನ ಜೀವನಚರಿತ್ರೆಗಳಲ್ಲಿ ಅವರಿಗೆ ಸಿಗುವುದು ನಾಲ್ಕು ಸಾಲು. ಆದರೆ ಏಳು ಮಕ್ಕಳ ಆ ಮನೆಯ ಅನ್ನ ಬೆಳೆದವರು ಅವರೇ. ಗುದ್ದಲಿ ಹಿಡಿದು ಹೊಲಕ್ಕಿಳಿದು, ತರಕಾರಿ ಕಬ್ಬು ಬೆಳೆದು ಸಂಸಾರ ನಡೆಸಿದರು.

ಗ್ರೌಟ್‌ವಿಲ್ಲಿನ ಜನ ತಮ್ಮ ಮುಖಂಡನನ್ನು ತಾವೇ ಆರಿಸುತ್ತಿದ್ದರು, ಸರಕಾರ ಒಪ್ಪಿಗೆ ಕೊಡುತ್ತಿತ್ತು. ಹಿರಿಯರು ಬಂದು ಲುಥುಲಿಯವರನ್ನು ಕೇಳಿಕೊಂಡರು. ಕಾಲೇಜಿನ ಸಂಬಳಕ್ಕೆ ಹೋಲಿಸಿದರೆ ಮುಖಂಡನಿಗೆ ಸಿಗುತ್ತಿದ್ದುದು ಚಿಲ್ಲರೆ ಕಾಸು. ಗಂಡ ಹೆಂಡತಿ ಬಹಳ ದಿನ ಯೋಚಿಸಿದರು. ಕೊನೆಗೆ 1936ರ ಆರಂಭದಲ್ಲಿ ಲುಥುಲಿ ಊರಿಗೆ ಬಂದು ಆ ಪೀಠದಲ್ಲಿ ಕುಳಿತರು. ಪೀಠವೆಂದರೆ ಸಿಂಹಾಸನವಲ್ಲ, ಗಡಿ ತಂಟೆ, ದನದ ತಂಟೆ, ಗಂಡ ಹೆಂಡಿರ ಜಗಳ, ಕಬ್ಬಿನ ಬೆಲೆ ಇವೇ ದಿನಬೆಳಗಾದರೆ ಬರುವ ವ್ಯಾಜ್ಯಗಳು. ಧರ್ಮಕೇಂದ್ರದ ಗುರುವಾಗಿರುವ ನನಗೆ ಈ ಪಟ್ಟಿ ಅಪರಿಚಿತವೇನಲ್ಲ! ಊರಿನ ಸಭೆಗಳಲ್ಲಿ ಹೆಂಗಸರಿಗೂ ಮಾತಾಡಲು ಅವಕಾಶ ಕೊಟ್ಟರು. ಸಣ್ಣ ಕಬ್ಬು ಬೆಳೆಗಾರರ ಸಂಘವನ್ನು ಕಟ್ಟಿ ನಿಲ್ಲಿಸಿದರು.

ಆ ವ್ಯಾಜ್ಯಗಳಲ್ಲೇ ಅವರಿಗೆ ಕಣ್ಣು ತೆರೆಯಿತು. ಅಣ್ಣ ತಮ್ಮಂದಿರು ಗೇಣುದ್ದ ಭೂಮಿಗಾಗಿ ಹೊಡೆದಾಡುವುದೇಕೆ? 1913ರ ಮತ್ತು 1936ರ ಕಾನೂನುಗಳ ಪ್ರಕಾರ ನಾಡಿನ ಬಹುಸಂಖ್ಯಾತರಾದ ಕಪ್ಪು ಜನರಿಗೆಂದು ಮೀಸಲಿಟ್ಟದ್ದು ಒಟ್ಟು ನೆಲದ ಸುಮಾರು 13 ಶೇಕಡ ಮಾತ್ರ. ಉಳಿದದ್ದು ಬಿಳಿಯರ ಪಾಲು. ಹೀಗಿರುವಾಗ ಮುಖಂಡನು ಎಷ್ಟೇ ನ್ಯಾಯವಾಗಿ ತೀರ್ಪು ಕೊಟ್ಟರೂ ಇಬ್ಬರಲ್ಲಿ ಒಬ್ಬ ಹಸಿದೇ ಮನೆಗೆ ಹೋಗಬೇಕು. ಒಳ್ಳೆಯ ಮನುಷ್ಯನಾಗಿದ್ದರೆ ಸಾಲದು, ಕಾನೂನೇ ಕೆಟ್ಟಿದೆ ಎಂದು ಅವರಿಗೆ ನಿಧಾನವಾಗಿ ಹೊಳೆಯಿತು.

ಅವರು ನಮ್ಮ ದೇಶಕ್ಕೂ ಬಂದಿದ್ದರು. 1938ರ ಡಿಸೆಂಬರಿನಲ್ಲಿ ಮದರಾಸಿನ ಪಕ್ಕದ ತಾಂಬರಂನಲ್ಲಿ ಪ್ರೊಟೆಸ್ಟೆಂಟ್ ಮಿಷನ್‌ಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅರವತ್ತಕ್ಕೂ ಹೆಚ್ಚು ನಾಡುಗಳಿಂದ ಪ್ರತಿನಿಧಿಗಳು ಬಂದಿದ್ದರು. ದಕ್ಷಿಣ ಆಫ್ರಿಕಾದ ಪ್ರತಿನಿಧಿಗಳಲ್ಲಿ ಲುಥುಲಿ ಒಬ್ಬರು. ತಮ್ಮ ಊರಿನಲ್ಲಿ ಬಿಳಿಯನ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳಲಾಗದ ಮನುಷ್ಯ ಅಲ್ಲಿ ಎಲ್ಲ ಬಣ್ಣದವರೊಡನೆ ಕುಳಿತು ಚರ್ಚಿಸಿದರು. ಆ ಪ್ರಯಾಣ ತಮ್ಮ ದೃಷ್ಟಿಯನ್ನು ಅಗಲಗೊಳಿಸಿತೆಂದು ಮುಂದೆ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1948ರಲ್ಲಿ ಅಮೆರಿಕಕ್ಕೂ ಹೋಗಿ ಸಭೆ ಸಭೆಗಳಲ್ಲಿ ಮಾತಾಡಿ ಬಂದರು.

ಅದೇ 1948ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂತು. ಮೊದಲೇ ಇದ್ದ ತಾರತಮ್ಯವನ್ನು ಅಪಾರ್ಥೈಡ್ ಎಂಬ ಹೆಸರಿನಲ್ಲಿ ರಾಜ್ಯದ ಸಿದ್ಧಾಂತವನ್ನಾಗಿ ಮಾಡಿತು. ಯಾರು ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು, ಯಾವ ಶಾಲೆಯಲ್ಲಿ ಎಷ್ಟು ಓದಬೇಕು, ಎಲ್ಲವನ್ನೂ ಚರ್ಮದ ಬಣ್ಣ ತೀರ್ಮಾನಿಸತೊಡಗಿತು. ನಮಗೆ ನೋವಾಗುವ ಸಂಗತಿ ಏನೆಂದರೆ ಈ ಕಾನೂನು ಮಾಡಿದವರು ನಾಸ್ತಿಕರಲ್ಲ. ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವರು, ಬೈಬಲ್ ತೆರೆದು ಅದರಲ್ಲೇ ಆಧಾರ ತೋರಿಸುವವರು. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರು 1957ರಲ್ಲಿ ಈ ನೀತಿ ಸ್ವಭಾವತಃ ಕೇಡು ಎಂದು ಸಾರಿದರು. ಹಾಗೆ ಸಾರಿದ ಪತ್ರದಲ್ಲೇ ತಮ್ಮ ಶಾಲೆ, ಗುರುಮಠ, ಆಸ್ಪತ್ರೆಗಳಲ್ಲೂ ಬೇರ್ಪಡಿಕೆ ನುಸುಳಿದೆ ಎಂದು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಲುಥುಲಿ ಆ ಹೊತ್ತಿಗೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಸೇರಿ ನೇಟಾಲ್ ಪ್ರಾಂತ್ಯದ ಅಧ್ಯಕ್ಷರಾಗಿದ್ದರು. 1952ರ ಜೂನ್ 26ರಂದು ಕಾಂಗ್ರೆಸ್ಸು ಕಾನೂನುಭಂಗ ಚಳವಳಿಯನ್ನು ಆರಂಭಿಸಿತು. ಬಿಳಿಯರಿಗೆಂದು ಬರೆದ ಬಾಗಿಲಿನಲ್ಲಿ ನುಗ್ಗಿ, ಬಿಳಿಯರ ಬೆಂಚಿನಲ್ಲಿ ಕುಳಿತು, ಎಂಟು ಸಾವಿರಕ್ಕೂ ಹೆಚ್ಚು ಜನ ಕೈಯೆತ್ತದೆ ಜೈಲಿಗೆ ಹೋದರು. ಸರಕಾರ ಲುಥುಲಿಯವರನ್ನು ಪ್ರಿಟೋರಿಯಾಕ್ಕೆ ಕರೆಸಿತು. ಕಾಂಗ್ರೆಸ್ ಬಿಡಬೇಕು, ಇಲ್ಲವೇ ಮುಖಂಡನ ಪದವಿ ಬಿಡಬೇಕು ಎಂದು ಅಪ್ಪಣೆಯಾಯಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮನೆಯಲ್ಲಿ ಏಳು ಮಕ್ಕಳು. ಪದವಿ ಹೋದರೆ ಬರುವ ಅಲ್ಪಸ್ವಲ್ಪವೂ ಹೋಗುತ್ತದೆ. ಕಾಂಗ್ರೆಸ್ ಬಿಟ್ಟರೆ ಊರಿನವರಿಗಾದರೂ ಒಳ್ಳೆಯದು ಮಾಡಿಕೊಂಡಿರಬಹುದು ಎಂಬ ಸಮಾಧಾನವೂ ಇದೆ. ಎಷ್ಟೋ ಸಜ್ಜನರು ಆ ಸಮಾಧಾನದಲ್ಲಿ ನಿದ್ದೆ ಮಾಡುತ್ತಾರೆ. ಲುಥುಲಿ ಎರಡನ್ನೂ ಬಿಡಲಿಲ್ಲ. ಎರಡರಲ್ಲೂ ಸೇವಿಸುವುದು ಒಂದೇ ಜನರನ್ನು, ಬಿಡಲು ಕಾರಣವಿಲ್ಲ ಎಂದು ತಿಳಿಸಿದರು. ನವೆಂಬರಿನಲ್ಲಿ ಸರಕಾರವೇ ಅವರನ್ನು ಪದವಿಯಿಂದ ಇಳಿಸಿತು. ಆಗ ಅವರು ಹೊರಡಿಸಿದ ಹೇಳಿಕೆಯ ತಿರುಳು ಇಷ್ಟು: ಸ್ವಾತಂತ್ರ್ಯದ ದಾರಿ ಶಿಲುಬೆಯ ಮೂಲಕವೇ ಹಾದುಹೋಗುತ್ತದೆ, ಮುಂದೆ ತನಗೆ ಕಾದಿರುವುದು ಅಪಹಾಸ್ಯವೋ ಸೆರೆಯೋ ಗಡೀಪಾರೋ ಮರಣವೋ ತಿಳಿಯದು, ಯಾವುದಾದರೂ ಹಿಂದೆ ಸರಿಯದಂತೆ ದೇವರು ಬಲ ಕೊಡಲಿ. ಡಿಸೆಂಬರಿನಲ್ಲಿ ಕಾಂಗ್ರೆಸ್ ಅವರನ್ನು ಇಡೀ ದೇಶದ ಅಧ್ಯಕ್ಷರನ್ನಾಗಿ ಆರಿಸಿತು. ಸರಕಾರ ಕಿತ್ತುಕೊಂಡ ಬಿರುದನ್ನು ಜನ ಮಾತ್ರ ಬಿಡಲಿಲ್ಲ, ಕೊನೆಯವರೆಗೂ ಮುಖಂಡರೇ ಎಂದು ಕರೆದರು.

ಅಲ್ಲಿಂದ ಮುಂದೆ ನಿರ್ಬಂಧದ ಮೇಲೆ ನಿರ್ಬಂಧ. 1955ರಲ್ಲಿ ಪಾರ್ಶ್ವವಾಯು ಬಡಿಯಿತು. 1956ರ ಡಿಸೆಂಬರಿನಲ್ಲಿ ರಾಜದ್ರೋಹದ ಆರೋಪದ ಮೇಲೆ 156 ಜನರನ್ನು ಹಿಡಿದರು, ಅವರಲ್ಲಿ ಲುಥುಲಿಯೂ ಇದ್ದರು. ಒಂದು ವರ್ಷದ ನಂತರ ಅವರ ಮೇಲಿನ ಆರೋಪವನ್ನು ಕೈಬಿಟ್ಟರು. 1959ರಲ್ಲಿ ಐದು ವರ್ಷಗಳ ಕಾಲ ತಮ್ಮ ಊರಿನ ಸೀಮೆ ದಾಟಬಾರದು, ಸಭೆಗಳಲ್ಲಿ ಕಾಣಿಸಿಕೊಳ್ಳಬಾರದು ಎಂಬ ಆಜ್ಞೆ ಬಂತು. ಒಬ್ಬ ಮನುಷ್ಯನ ದನಿಯನ್ನು ಊರಿನ ಬೇಲಿಯೊಳಗೆ ಹೂತುಬಿಡಬಹುದು ಎಂದು ಅಧಿಕಾರಿಗಳು ಎಣಿಸಿದ್ದರು.

ಈಗ ಆ ಕಿತ್ತಳೆ ಹಣ್ಣಿನ ವಿಷಯಕ್ಕೆ ಬರೋಣ. ಅದೇ 1959ರಲ್ಲಿ ಕಾಂಗ್ರೆಸ್ಸು ಆಲೂಗೆಡ್ಡೆ ತಿನ್ನಬೇಡಿ ಎಂದು ತನ್ನ ಜನರನ್ನು ಕೇಳಿಕೊಂಡಿತ್ತು. ಪಾಸು ಇಲ್ಲದೆ ಸಿಕ್ಕಿಬಿದ್ದ ಬಡವರನ್ನು ಜೈಲಿನ ಬದಲು ಬಿಳಿಯರ ಆಲೂಗೆಡ್ಡೆ ಹೊಲಗಳಿಗೆ ಅಟ್ಟಿ ಪ್ರಾಣಿಗಳಂತೆ ದುಡಿಸುತ್ತಿದ್ದ ಸುದ್ದಿ ಹೊರಬಿದ್ದಿತ್ತು. ಆಲೂಗೆಡ್ಡೆಯೆಂದರೆ ಬಡವರ ಹೊಟ್ಟೆ ತುಂಬಿಸುವ ಆಹಾರ, ಅದನ್ನೇ ಅವರು ಬಿಟ್ಟರು. ಆ ಜೂನ್ 26ರಂದು ಲಂಡನ್ನಿನಲ್ಲಿ ಗಡೀಪಾರಾದ ದಕ್ಷಿಣ ಆಫ್ರಿಕನ್ನರೂ ಅವರ ಸ್ನೇಹಿತರೂ ಸಭೆ ಸೇರಿ ದಕ್ಷಿಣ ಆಫ್ರಿಕಾದ ಸರಕುಗಳ ಬಹಿಷ್ಕಾರಕ್ಕೆ ಕರೆಕೊಟ್ಟರು. ಮುಂದೆ ತಾಂಜಾನಿಯದ ರಾಷ್ಟ್ರಪತಿಯಾದ ಜೂಲಿಯಸ್ ನ್ಯೆರೆರೆ ಅಲ್ಲಿ ಮಾತಾಡಿದರು. ಅವರು ಕಥೋಲಿಕರು. ನಮ್ಮ ದೇಶವಂತೂ 1946ರಲ್ಲೇ ಆ ಸರಕಾರದೊಂದಿಗೆ ವ್ಯಾಪಾರ ನಿಲ್ಲಿಸಿ, ವಿಶ್ವಸಂಸ್ಥೆಯಲ್ಲಿ ದೂರನ್ನೂ ಕೊಟ್ಟಿತ್ತು.

ಆದರೆ ಇಂಗ್ಲೆಂಡಿನಲ್ಲಿ ಒಂದು ಪ್ರಶ್ನೆ ಎದ್ದಿತು, ಮತ್ತು ಅದು ಕಪಟದ ಪ್ರಶ್ನೆಯಲ್ಲ. ನಾವು ಕೊಳ್ಳದಿದ್ದರೆ ತೋಟದಲ್ಲಿ ಕೆಲಸ ಕಳೆದುಕೊಳ್ಳುವವನು ಕಪ್ಪು ಕೂಲಿಯವನೇ ತಾನೇ? ಯಾರಿಗೆ ಸಹಾಯ ಮಾಡಬೇಕೋ ಅವರ ಹೊಟ್ಟೆಯ ಮೇಲೆಯೇ ಹೊಡೆದಂತಾಗುವುದಿಲ್ಲವೇ? ಗುರುಮಠದಲ್ಲಿ ನೀತಿಶಾಸ್ತ್ರ ಓದಿದವರು ಈ ಗಂಟನ್ನು ಬಿಡಿಸಲು ಹತ್ತು ಪುಟ ಬರೆಯಬಹುದು. ಉತ್ತರ ಕೊಡುವ ಹಕ್ಕು ಮಾತ್ರ ಪೆಟ್ಟು ತಿನ್ನುವವನದು. ಲುಥುಲಿ, ನೇಟಾಲಿನ ಭಾರತೀಯರ ನಾಯಕ ಡಾಕ್ಟರ್ ನಾಯ್ಕರ್ ಮತ್ತು ಬಿಳಿಯರಾದ ಪೀಟರ್ ಬ್ರೌನ್, ಈ ಮೂವರು ಕೂಡಿ ಬ್ರಿಟನ್ನಿನ ಜನರಿಗೆ ಮನವಿ ಕಳುಹಿಸಿದರು. ಬಹಿಷ್ಕಾರದಿಂದ ಆಫ್ರಿಕನ್ನರಿಗೆ ಕಷ್ಟವಾಗುತ್ತದೆ ಎಂಬುದನ್ನು ಲುಥುಲಿ ಮುಚ್ಚಿಡಲಿಲ್ಲ. ಕಷ್ಟ ನಮಗೆ ಹೊಸತಲ್ಲ. ರಕ್ತ ಹರಿಯುವ ದಿನವನ್ನು ಇದು ತಪ್ಪಿಸುವುದಾದರೆ, ದಬ್ಬಾಳಿಕೆಯ ಕಾಲವನ್ನು ಕಡಿಮೆ ಮಾಡುವುದಾದರೆ, ಈ ಬೆಲೆಯನ್ನು ಕೊಡಲು ನಾವು ಸಿದ್ಧ ಎಂಬುದು ಅವರ ನಿಲುವು. ಸುಖವಾಗಿ ಕುಳಿತ ನಾಯಕನು ಹೀಗೆ ಹೇಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಪದವಿಯನ್ನೂ ಆರೋಗ್ಯವನ್ನೂ ಓಡಾಟವನ್ನೂ ಕಳೆದುಕೊಂಡವರು, ಹೆಂಡತಿ ಹೊಲದಲ್ಲಿ ದುಡಿದದ್ದನ್ನು ಉಣ್ಣುತ್ತಿದ್ದವರು ಹೇಳಿದ್ದರಿಂದ ಅದಕ್ಕೆ ತೂಕ ಬಂತು.

ಆ ಬಹಿಷ್ಕಾರದ ತಿಂಗಳು ಮುಗಿಯುವ ಮೊದಲೇ ಲೋಕಕ್ಕೆಲ್ಲ ನಿಜಸ್ಥಿತಿ ಕಾಣಿಸಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬ ಊರಿನಲ್ಲಿ ಪಾಸು ಕಾನೂನನ್ನು ವಿರೋಧಿಸಿ ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. 69 ಜನ ಸತ್ತರು, ಬಹುಪಾಲು ಗಾಯಗಳು ಬೆನ್ನಿನ ಮೇಲಿದ್ದವು. ಆಗ ರಾಜದ್ರೋಹದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಪ್ರಿಟೋರಿಯಾದಲ್ಲಿದ್ದ ಲುಥುಲಿ ಮಾರ್ಚ್ 26ರಂದು ಎಲ್ಲರೆದುರಿಗೆ ತಮ್ಮ ಪಾಸನ್ನು ಸುಟ್ಟರು. ನಾಲ್ಕು ದಿನಗಳಲ್ಲಿ ಅವರನ್ನು ಬಂಧಿಸಿದರು. ರೋಗಿಯಾಗಿದ್ದ, ಅರವತ್ತು ದಾಟಿದ ಆ ಮನುಷ್ಯನಿಗೆ ಜೈಲಿನ ಕಾವಲುಗಾರನೊಬ್ಬ ಹೊಡೆದ. ಕಾಂಗ್ರೆಸ್ಸನ್ನೇ ಸರಕಾರ ನಿಷೇಧಿಸಿತು. ಲಂಡನ್ನಿನಲ್ಲಿ ಒಂದು ತಿಂಗಳಿಗೆಂದು ಹೊರಟಿದ್ದ ಬಹಿಷ್ಕಾರ ಚಳವಳಿ ವರ್ಣಭೇದ ವಿರೋಧಿ ಚಳವಳಿಯೆಂದು ಹೆಸರು ಬದಲಿಸಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷ ನಡೆಯಿತು.

1961ರ ಅಕ್ಟೋಬರಿನಲ್ಲಿ ಹಿಂದಿನ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಲುಥುಲಿಯವರಿಗೆ ಎಂದು ಘೋಷಣೆಯಾಯಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಆಫ್ರಿಕನ್ ಅವರು. ಸರಕಾರಕ್ಕೆ ಮುಜುಗರ. ಕೊನೆಗೆ ಗಂಡಹೆಂಡಿರಿಬ್ಬರಿಗೂ ಹತ್ತು ದಿನದ ಪ್ರಯಾಣಕ್ಕೆ ಅನುಮತಿ ಕೊಟ್ಟಿತು. ಜುಲು ಮುಖಂಡನ ಉಡುಪಿನಲ್ಲಿ, ಚಿರತೆಯ ಉಗುರಿನ ಹಾರ ಧರಿಸಿ ಅವರು ಆಸ್ಲೊ ನಗರದ ವೇದಿಕೆಯ ಮೇಲೆ ನಿಂತರು. ಕಿತ್ತುಕೊಂಡ ಪದವಿಯನ್ನು ರಾಜನ ಸಮ್ಮುಖದಲ್ಲಿ ಉಟ್ಟು ತೋರಿಸಿದಂತಿತ್ತು. ಭಾಷಣ ಮುಗಿದ ಮೇಲೆ ಆಫ್ರಿಕಾವನ್ನು ಹರಸೆಂದು ದೇವರನ್ನು ಬೇಡುವ ತಮ್ಮ ಜನರ ಪ್ರಾರ್ಥನಾ ಗೀತೆಯನ್ನು ಹಾಡಿದರು. ಪ್ರಶಸ್ತಿಯ ಹಣದಿಂದ ಪಕ್ಕದ ಸ್ವಾಜಿಲ್ಯಾಂಡಿನಲ್ಲಿ, ಈಗಿನ ಎಸ್ವಾಟಿನಿಯಲ್ಲಿ, ಜಮೀನು ಕೊಂಡರು. ದೇಶ ಬಿಟ್ಟು ಓಡಿಬಂದವರಿಗೆ ಅಲ್ಲಿ ಆಸರೆ ಸಿಗಲಿ ಎಂಬ ಉದ್ದೇಶ. ಉಳುವ ಕೆಲಸ ಮತ್ತೆ ನೊಕುಖಾನ್ಯರದೇ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಅವರು ಆಸ್ಲೊದಿಂದ ಹಿಂದಿರುಗಿದ ಬೆನ್ನಿಗೇ, ಡಿಸೆಂಬರ್ 16ರಂದು, ಕಾಂಗ್ರೆಸ್ಸಿನ ಕಿರಿಯರು ಕಟ್ಟಿದ ಸಶಸ್ತ್ರ ಪಡೆಯ ಮೊದಲ ಬಾಂಬುಗಳು ಸಿಡಿದವು. ಆ ತೀರ್ಮಾನಕ್ಕೆ ಲುಥುಲಿ ಎಷ್ಟರಮಟ್ಟಿಗೆ ಒಪ್ಪಿದ್ದರು ಎಂದು ಚರಿತ್ರಕಾರರು ಇಂದಿಗೂ ವಾದಿಸುತ್ತಾರೆ. ಅವರು ಅಹಿಂಸೆಯ ದಾರಿಯನ್ನು ಬಿಡಲಿಲ್ಲ. 1964ರಲ್ಲಿ ನೆಲ್ಸನ್ ಮಂಡೇಲ ಮತ್ತು ಸಂಗಡಿಗರಿಗೆ ಜೀವಾವಧಿ ಶಿಕ್ಷೆಯಾದಾಗ ಆ ಯುವಕರನ್ನು ದೂಷಿಸಲೂ ಇಲ್ಲ. ಎಲ್ಲ ಬಾಗಿಲುಗಳನ್ನು ಮುಚ್ಚಿದವರ ಮೇಲೆಯೇ ಹೊಣೆ ಹೊರಿಸಿದರು. ಅಹಿಂಸೆಯನ್ನು ನಂಬಿದವನಿಗೆ ಇದು ಸುಲಭದ ಮಾತಲ್ಲ. ಸುಲಭವಾದದ್ದನ್ನು ಹೇಳಿ ಕೈತೊಳೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

1962ರಲ್ಲಿ ಬಂದ ಹೊಸ ಕಾನೂನಿನಿಂದಾಗಿ ಅವರ ಮಾತುಗಳನ್ನು ದೇಶದೊಳಗೆ ಅಚ್ಚುಮಾಡುವುದೂ ಉದ್ಧರಿಸುವುದೂ ಅಪರಾಧವಾಯಿತು. ಆ ವರ್ಷವೇ ಅವರ ಆತ್ಮಕಥೆ ಹೊರದೇಶದಲ್ಲಿ ಪ್ರಕಟವಾಯಿತು! ಗ್ಲಾಸ್ಗೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅವರನ್ನು ತಮ್ಮ ರೆಕ್ಟರ್ ಆಗಿ ಆರಿಸಿದರು, ಆದರೆ ಹೋಗಲು ಅಪ್ಪಣೆ ಸಿಗಲಿಲ್ಲ. ನವೆಂಬರ್ 6ರಂದು ವಿಶ್ವಸಂಸ್ಥೆಯ ಮಹಾಸಭೆ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ಸಂಬಂಧ ಕಡಿದುಕೊಳ್ಳುವಂತೆ ಸದಸ್ಯ ರಾಷ್ಟ್ರಗಳಿಗೆ ಕರೆಕೊಟ್ಟಿತು. ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಅವರೂ ಲುಥುಲಿಯವರೂ ಜಂಟಿಯಾಗಿ ಮನವಿ ಹೊರಡಿಸಿ, ಸರಕು ಕೊಳ್ಳಬೇಡಿ, ಬಂಡವಾಳ ಹೂಡಬೇಡಿ ಎಂದು ಲೋಕವನ್ನು ಕೇಳಿಕೊಂಡರು. ಇವರಿಬ್ಬರೂ ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ. 1966ರ ಜೂನ್ ತಿಂಗಳಲ್ಲಿ ಅಮೆರಿಕದ ಸೆನೆಟರ್ ರಾಬರ್ಟ್ ಕೆನಡಿ ಹೆಲಿಕಾಪ್ಟರಿನಲ್ಲಿ ಗ್ರೌಟ್‌ವಿಲ್ಲಿಗೆ ಬಂದಿಳಿದರು. ಕೊಲೆಯಾದ ತಮ್ಮ ಅಣ್ಣ, ರಾಷ್ಟ್ರಪತಿ ಜಾನ್ ಕೆನಡಿ ಕಪ್ಪು ಜನರ ಹಕ್ಕುಗಳ ಬಗ್ಗೆ ಮಾಡಿದ್ದ ಭಾಷಣದ ಧ್ವನಿಮುದ್ರಿಕೆಯನ್ನು ತಂದಿದ್ದರು. ಇಬ್ಬರೂ ಕುಳಿತು ಅದನ್ನು ಕೇಳಿದರು.

ಅವರ ಮರಣದ ನಂತರ ಬಹಿಷ್ಕಾರ ಬೆಳೆದ ಬಗೆಯನ್ನು ಹೇಳಹೋದರೆ ಪುಟ ಸಾಲದು. 1970ರಲ್ಲಿ ಒಲಿಂಪಿಕ್ ಸಮಿತಿ ದಕ್ಷಿಣ ಆಫ್ರಿಕಾವನ್ನು ಹೊರಹಾಕಿತು. 1974ರಲ್ಲಿ ನಮ್ಮ ಟೆನಿಸ್ ಆಟಗಾರರು ಡೇವಿಸ್ ಕಪ್ಪಿನ ಫೈನಲ್ ತಲುಪಿದ್ದರು, ಎದುರಾಳಿ ದಕ್ಷಿಣ ಆಫ್ರಿಕಾ. ಭಾರತ ಆಡಲು ಒಪ್ಪದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ನನಗೆ ಎಲ್ಲಕ್ಕಿಂತ ಹತ್ತಿರವಾದ ಕಥೆ ಐರ್ಲೆಂಡಿನದು. 1984ರ ಜುಲೈಯಲ್ಲಿ ಡಬ್ಲಿನ್ನಿನ ಒಂದು ಅಂಗಡಿಯಲ್ಲಿ ಹಣ ಎಣಿಸುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗಿ ದಕ್ಷಿಣ ಆಫ್ರಿಕಾದ ಚಕ್ಕೋತದಂಥ ಹಣ್ಣನ್ನು ಮಾರಲು ಒಪ್ಪಲಿಲ್ಲ. ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ಜೊತೆಯವರು ಕೆಲವರು ಅವಳೊಂದಿಗೆ ಹೊರನಡೆದರು. ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ, ಮಳೆ ಚಳಿಯಲ್ಲಿ, ಅಂಗಡಿಯ ಮುಂದೆ ನಿಂತರು. 1987ರಲ್ಲಿ ಐರ್ಲೆಂಡ್ ಸರಕಾರ ಆ ದೇಶದ ಹಣ್ಣು ತರಕಾರಿಗಳನ್ನು ತರಿಸುವುದನ್ನೇ ನಿಷೇಧಿಸಿತು. 1990ರಲ್ಲಿ ಮಂಡೇಲ ಬಿಡುಗಡೆಯಾದರು. 1994ರ ಏಪ್ರಿಲ್ 27ರಂದು ತಮ್ಮ ಜೀವನದ ಮೊದಲ ಮತವನ್ನು ಹಾಕಲು ಅವರು ಓಹ್ಲಾಂಗೆ ಎಂಬ ಶಾಲೆಯನ್ನು ಆರಿಸಿಕೊಂಡರು. ಅದೇ ಶಾಲೆಯಲ್ಲಿ, ತಾಯಿ ಬಟ್ಟೆ ಒಗೆದು ಕೂಡಿಟ್ಟ ಹಣದಲ್ಲಿ, ಹುಡುಗ ಲುಥುಲಿ ಸ್ವಲ್ಪ ಕಾಲ ಓದಿದ್ದರು.

ಮರಣದ ವಿಷಯ ಹೇಳುವುದು ಉಳಿಯಿತು. 1967ರ ಜುಲೈ 21ರ ಬೆಳಿಗ್ಗೆ ಲುಥುಲಿ ಎಂದಿನಂತೆ ಮನೆಯಿಂದ ನಡೆದು ಹೊರಟರು. ಉಮ್ವೋಟಿ ನದಿಯ ಮೇಲೆ ರೈಲು ಸೇತುವೆಯಿದೆ. ಅಲ್ಲಿ ತಲೆಗೆ ಭಾರೀ ಪೆಟ್ಟಾಗಿ ಬಿದ್ದಿದ್ದ ಅವರನ್ನು ಸ್ಟ್ಯಾಂಗರ್ ಆಸ್ಪತ್ರೆಗೆ ಸಾಗಿಸಿದರು. ಅದೇ ದಿನ ತೀರಿಕೊಂಡರು. ಕಿವಿ ಮಂದ, ಕಣ್ಣು ಮಂಜು, ಗೂಡ್ಸ್ ರೈಲು ಬಂದದ್ದು ತಿಳಿಯದೆ ಡಿಕ್ಕಿಯಾಯಿತು ಎಂದು ಆ ವರ್ಷದ ವಿಚಾರಣೆ ತೀರ್ಮಾನಿಸಿ ಕಡತ ಮುಚ್ಚಿತು. ಮನೆಯವರು ಅದನ್ನು ಒಮ್ಮೆಯೂ ನಂಬಲಿಲ್ಲ. ಗಂಡ ಅದೇ ಸೇತುವೆಯನ್ನು ವರ್ಷಗಟ್ಟಲೆ ದಾಟಿದವರೆಂಬುದು ನೊಕುಖಾನ್ಯರಿಗೆ ಗೊತ್ತಿತ್ತು. ಅವರು ಗ್ರೌಟ್‌ವಿಲ್ಲಿನಲ್ಲೇ ಮುಪ್ಪಾದರು, ತಮ್ಮ ದೇಶ ಸ್ವತಂತ್ರವಾದದ್ದನ್ನು ಕಂಡರು, 1996ರಲ್ಲಿ ಕಣ್ಣುಮುಚ್ಚಿದರು. 2025ರಲ್ಲಿ ಪೀಟರ್‌ಮರಿಟ್ಸ್‌ಬರ್ಗ್ ನಗರದ ಉಚ್ಚ ನ್ಯಾಯಾಲಯ ಆ ಹಳೆಯ ಕಡತವನ್ನು ಮತ್ತೆ ತೆರೆಯಿತು. ರೈಲು ಡಿಕ್ಕಿಯ ಕಥೆಗೆ ಆಧಾರವಿಲ್ಲವೆಂದೂ, ತಲೆಬುರುಡೆ ಒಡೆದದ್ದು ಹೊಡೆತದಿಂದಲೆಂದೂ, ಹೊಡೆದವರು ವಿಶೇಷ ವಿಭಾಗದ ಪೋಲೀಸರೆಂದೂ, ರೈಲ್ವೆಯ ನೌಕರರು ಅದಕ್ಕೆ ಕೈಗೂಡಿಸಿದರೆಂದೂ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. ಆ ಹೊತ್ತಿಗೆ ಲುಥುಲಿ ತೀರಿಹೋಗಿ ಐವತ್ತೆಂಟು ವರ್ಷವಾಗಿತ್ತು, ನೊಕುಖಾನ್ಯ ಹೋಗಿ ಇಪ್ಪತ್ತೊಂಬತ್ತು ವರ್ಷವಾಗುತ್ತ ಬಂದಿತ್ತು.